ಮಗುವಿನ ಅಂಗಿಯನ್ನು ಒಮ್ಮೆ ಮಗುಚಿ ನೋಡಿ

ಮಾನ್ಯ ಸಂಪಾದಕರೇ,

ಅಷ್ಟಮಿ ಹತ್ತಿರ ಬಂತೆಂದರೆ ಉಡುಪಿ, ಮಂಗಳೂರಿನ ಹೊಲಿಗೆ ಅಂಗಡಿಗಳಲ್ಲಿ ಮುದ್ದುಕೃಷ್ಣನ ಅಂಗಿಗಳ ಗಡಿಬಿಡಿ. ಎದೆಯ ಮೇಲೆ ನವಿಲುಗರಿ, ಬೆಣ್ಣೆ ಗಡಿಗೆ, ಕೊಳಲು. ತೊಟ್ಟಿಲು ಹಾಕುವ ದಿನದ ಉಡುಗೊರೆಗೆ ಆನೆ, ಮೊಲ, ಮಗುವಿನ ಹೆಸರು. ಹೊರಗಿನಿಂದ ಒಂದಕ್ಕಿಂತ ಒಂದು ಚೆಂದ. ಅದೇ ಅಂಗಿಯನ್ನು ಮಗುಚಿ ಒಳಗೆ ಬೆರಳಾಡಿಸಿದರೆ ಗಟ್ಟಿ ಪೇಪರು, ಗಂಟು, ಜರಿಯ ತುದಿ ಕೈಗೆ ಸಿಗುತ್ತವೆ. ಮಗುವಿನ ಮೈಗೆ ತಾಗುವುದು ಈ ಮಗ್ಗುಲು. ಮೂರು ತಿಂಗಳ ಕೂಸು ಚುಚ್ಚುತ್ತದೆ ಎಂದು ಹೇಳಲಾರದು, ಅಳುತ್ತದೆ. ನಾವು ಹಸಿವೆಂದೋ ದೃಷ್ಟಿ ತಾಗಿತೆಂದೋ ಅಂದುಕೊಳ್ಳುತ್ತೇವೆ.

ಮಕ್ಕಳ ಅಂಗಿ ಹೆಚ್ಚಾಗಿ ಬನಿಯನ್ ಬಟ್ಟೆಯದು. ಆ ಬಟ್ಟೆ ಹಿಗ್ಗುತ್ತದೆ, ಕಸೂತಿ ಹಿಗ್ಗುವುದಿಲ್ಲ. ಮುಕ್ಕಾಲು ಪಾಲು ತೊಂದರೆ ಇಲ್ಲಿಂದಲೇ ಹುಟ್ಟುತ್ತದೆ. ಬಟ್ಟೆಯನ್ನು ಫ್ರೇಮಿಗೆ ಎಳೆದು ಬಿಗಿದು ಹೊಲಿದರೆ, ಬಿಚ್ಚಿದ ಕೂಡಲೇ ಅದು ತನ್ನ ಅಳತೆಗೆ ಮರಳಿ ಚಿತ್ರದ ಸುತ್ತ ಸುಕ್ಕು ಬೀಳುತ್ತದೆ. ಆದ್ದರಿಂದ ಫ್ರೇಮಿಗೆ ಬ್ಯಾಕಿಂಗ್, ಅಂದರೆ ಕಸೂತಿಗೆ ಆಧಾರವಾಗಿ ಬಟ್ಟೆಯಡಿ ಇಡುವ ಹಾಳೆ, ಮಾತ್ರ ಬಿಗಿಯಿರಿ. ಅಂಗಿಯನ್ನು ಅದರ ಮೇಲೆ ಎಳೆಯದೆ ಹಾಸಿ, ಅಂಚಿಗೆ ಉದ್ದ ಹೊಲಿಗೆಯ ಕಚ್ಚಾ ಸಾಲು ಹಾಕಿದರೆ ಸಾಕು. ಹರಿದು ತೆಗೆಯುವ ಪೇಪರ್ ಬ್ಯಾಕಿಂಗ್ ಅಗ್ಗವೆಂದು ಎಲ್ಲದಕ್ಕೂ ಅದನ್ನೇ ಬಳಸುವುದುಂಟು. ನೇಯ್ದ ಬಟ್ಟೆಗೆ ಅಡ್ಡಿಯಿಲ್ಲ. ಬನಿಯನ್ ಬಟ್ಟೆಯಲ್ಲಿ ಮಾತ್ರ ಸೂಜಿ ಚುಚ್ಚಿ ಚುಚ್ಚಿ ಪೇಪರು ನಡುವೆಯೇ ಬಿಟ್ಟುಕೊಳ್ಳುತ್ತದೆ, ಅಂಚಿನ ಗೆರೆ ಒಂದು ಕಡೆ, ಬಣ್ಣ ಒಂದು ಕಡೆ ಹೋಗುತ್ತದೆ. ಇದಕ್ಕೆ ಕತ್ತರಿಸಿ ತೆಗೆಯುವ ಮೆತ್ತನೆಯ ಕಟ್-ಅವೇ ಬ್ಯಾಕಿಂಗೇ ಬೇಕು. ಹೊಲಿದಾದ ಮೇಲೆ ಸುತ್ತ 5-6 ಮಿ.ಮೀ. ಬಿಟ್ಟು, ಮೂಲೆಗಳನ್ನು ಉರುಟಾಗಿ ಕತ್ತರಿಸಬೇಕು. ಚೂಪು ಮೂಲೆ ಉಳಿದರೆ ಚುಚ್ಚುವುದು ಅದೇ.

ಸೂಜಿ 75/11 ಅಳತೆಯ, ತುದಿ ಉರುಟಾದ ಬಾಲ್ ಪಾಯಿಂಟ್ ಇರಲಿ. ಚೂಪು ಸೂಜಿ ಹೆಣಿಗೆಯ ಕೊಂಡಿಯನ್ನು ಕಡಿಯುತ್ತದೆ. ಹೊಸದರಲ್ಲಿ ಕಾಣದ ತೂತು ನಾಲ್ಕು ಸಲ ಒಗೆದ ಮೇಲೆ ಬಾಯಿ ಬಿಡುತ್ತದೆ.

ಇನ್ನು ಚಿತ್ರ. ಎಳೆಮಕ್ಕಳಿಗೆ ನೂಲಿನಿಂದ ಇಡೀ ತುಂಬಿದ ಚಿತ್ರಕ್ಕಿಂತ ಪ್ಯಾಚ್ ವರ್ಕ್, ಅಂದರೆ ಅಪ್ಲಿಕ್, ಎಷ್ಟೋ ಮೇಲು. ಲೆಕ್ಕ ಸರಳ: 6 ಸೆಂ.ಮೀ. ಅಡ್ಡಳತೆಯ ಉರುಟು ಚಿತ್ರವನ್ನು 0.4 ಮಿ.ಮೀ. ಅಂತರದ ಸಾಲುಗಳಿಂದ ತುಂಬಿಸಲು ಮೇಲ್ನೂಲೇ ಸುಮಾರು 7 ಮೀಟರ್ ಬೇಕು. ಬಟ್ಟೆಯ ತುಂಡು ಇಟ್ಟು ಸುತ್ತ 3 ಮಿ.ಮೀ. ಅಗಲದ ಸ್ಯಾಟಿನ್ ಅಂಚು (ಒತ್ತೊತ್ತಾದ ಜಿಗ್‌ಜಾಗ್ ಹೊಲಿಗೆ) ಹಾಕಿದರೆ ಅದರ ಅರ್ಧವೂ ಬೇಡ, ಗಟ್ಟಿಯಾಗುವುದು ಅಂಚು ಮಾತ್ರ. ಇಡೀ ತುಂಬಿದ ದೊಡ್ಡ ಆನೆ ಮಗುವಿನ ಎದೆಯ ಮೇಲೆ ಹಪ್ಪಳ ಇಟ್ಟ ಹಾಗೆ ಸೆಟೆದು ನಿಲ್ಲುತ್ತದೆ, ನಮ್ಮ ಸೆಕೆಗೆ ಅದರಡಿ ಬೆವರು ಆರುವುದೂ ಇಲ್ಲ.

ಕಂಪ್ಯೂಟರ್ ಮೆಷಿನ್ ಮೊದಲು ಜಾಗದ ಗೆರೆ ಹೊಲಿಯುತ್ತದೆ. ಅದರ ಮೇಲೆ ತುಂಡು ಇಟ್ಟಾಗ, ಅದು ಜರುಗದಂತೆ ಹಿಡಿಗೆರೆ ಹಾಕುತ್ತದೆ. ಫ್ರೇಮ್ ಮೆಷಿನ್ನಿಂದ ಹೊರಬಂದರೂ ಬಟ್ಟೆ ಫ್ರೇಮಿನಿಂದ ಬಿಚ್ಚಬಾರದು, ಹಾಗೆಯೇ ಬಾಗಿದ ಕತ್ತರಿಯಿಂದ ಮೇಲಿನ ತುಂಡನ್ನು ಮಾತ್ರ ಗೆರೆಯ ಹೊರಗೆ 1ರಿಂದ 1.5 ಮಿ.ಮೀ. ಉಳಿಸಿ ಕತ್ತರಿಸಬೇಕು. ಹೆಚ್ಚು ಉಳಿದರೆ ಸ್ಯಾಟಿನ್ ಅಂಚಿನಿಂದ ಮೀಸೆ ಹೊರಗೆ ಇಣುಕುತ್ತದೆ. ತೀರಾ ಒತ್ತಿ ಕತ್ತರಿಸಿದರೆ ಒಗೆತದಲ್ಲಿ ತುಂಡು ಕಿತ್ತು ಬರುತ್ತದೆ. ಎರಡರಲ್ಲಿ ಮೀಸೆಯೇ ವಾಸಿ, ಅದನ್ನು ಆಮೇಲೂ ಕತ್ತರಿಸಬಹುದು. ತುಂಡಿನ ಹಿಂದೆ ಇಸ್ತ್ರಿಗೆ ಅಂಟುವ ತೆಳು ಫ್ಯೂಸಿಂಗ್ ವೆಬ್ ಹಾಕಿದರೆ ನೂಲು ಬಿಚ್ಚುವುದಿಲ್ಲ. 'ಹೊಲಿಗೆ ಬೇಡ' ಎಂದು ಮಾರುವ ದಪ್ಪ ಜಾತಿಯದ್ದು ಬೇಡ: ಅಂಟು ಸೂಜಿಗೆ ಮೆತ್ತಿ ಹೊಲಿಗೆ ತಪ್ಪುತ್ತದೆ. ವೆಬ್ಬಿನ ಪೇಪರಿನ ಮೇಲೆ ಚಿತ್ರ ಬರೆಯುವಾಗ ತಿರುಗುಮುರುಗಾಗಿ ಬರೆಯಬೇಕೆಂಬುದು ಹೆಸರಿನ ಅಕ್ಷರ ಹೊಲಿಯುವಾಗಲೇ ಮರೆತುಹೋಗುತ್ತದೆ.

ಕಂಪ್ಯೂಟರ್ ಮೆಷಿನ್ ಇಲ್ಲದವರು ಹಿಂಜರಿಯಬೇಕಿಲ್ಲ. ಜಿಗ್‌ಜಾಗ್ ಇರುವ ಮನೆಯ ಮೆಷಿನ್ನಿನಲ್ಲೇ ಹೊಲಿಗೆಯ ಅಗಲ 3, ಉದ್ದ 0.4 ಮಿ.ಮೀ. ಇಟ್ಟು, ಮೇಲ್ನೂಲಿನ ಬಿಗಿತವನ್ನು ತುಸು ಸಡಿಲಿಸಿದರೆ ಅಡಿನೂಲು ಮೇಲೆ ಕಾಣದು. ತಿರುವಿನಲ್ಲಿ ಬಟ್ಟೆ ತಿರುಗಿಸುವಾಗ ಸೂಜಿ ಕೆಳಗೇ ಇರಲಿ. ಹೊರಬಾಗಿನಲ್ಲಿ ಅದು ತುಂಡಿನ ಹೊರಗೆ, ಒಳಬಾಗಿನಲ್ಲಿ ತುಂಡಿನ ಮೇಲೆ ನಿಲ್ಲಬೇಕು. ತಪ್ಪಿದರೆ ಅಂಚಿನಲ್ಲಿ ಹಲ್ಲು ಬಿಟ್ಟ ಹಾಗೆ ಸಂದು ಉಳಿಯುತ್ತದೆ.

ತುಂಡಿಗೆ ಅಜ್ಜಿಯ ಹಳೆ ಉಡುಪಿ ಸೀರೆಗಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಕುಗ್ಗುವಷ್ಟು ಕುಗ್ಗಿ, ಬಣ್ಣ ಬಿಡುವಷ್ಟು ಬಿಟ್ಟು ಮೆತ್ತಗಾದ ಹತ್ತಿ ಅದು. ಬೆಳಕಿಗೆ ಹಿಡಿದು ಜೀರ್ಣವಾದ ಜಾಗ ಬಿಟ್ಟರಾಯಿತು. ಹೊಸ ಹತ್ತಿ ಬಟ್ಟೆಯಾದರೆ ಅದನ್ನೂ ಅಂಗಿಯನ್ನೂ ಮೊದಲೇ ಬಿಸಿನೀರಿನಲ್ಲಿ ಒಗೆಯಬೇಕು, ಇಲ್ಲವಾದರೆ ಎರಡೂ ಬೇರೆ ಬೇರೆ ಲೆಕ್ಕದಲ್ಲಿ ಕುಗ್ಗುತ್ತವೆ. ಕೆಂಪು, ಕುಂಕುಮ ಬಣ್ಣದ್ದನ್ನು ಚಂಡಿ ಮಾಡಿ ಬಿಳಿ ಬೈರಾಸಿನ ಮೇಲಿಟ್ಟು ಇಸ್ತ್ರಿ ಒತ್ತಿ. ಕಲೆ ಬಿದ್ದರೆ ಆ ಬಟ್ಟೆ ದಿಂಬಿನ ಚೀಲಕ್ಕೆ ಇರಲಿ.

ನೂಲಿನಲ್ಲಿ ರೇಯಾನ್ ಹೊಳಪು ಚೆಂದ, ಆದರೆ ಒದ್ದೆಯಾದಾಗ ಅದರ ಬಲ ಕುಂದುತ್ತದೆ. ದಿನಕ್ಕೆ ಮೂರು ಸಲ ಒಗೆಯುವ ಮಗುವಿನ ಬಟ್ಟೆಗೆ 40 ನಂಬರಿನ ಪಾಲಿಯೆಸ್ಟರ್ ಎಂಬ್ರಾಯ್ಡರಿ ನೂಲು, ಅಡಿನೂಲಿಗೆ 60 ನಂಬರಿನದ್ದು ಸರಿ. ಜರಿ ನೂಲಿನಲ್ಲಿ ಎಳೆಯ ಸುತ್ತ ಲೋಹದ ಹೊಳಪಿನ ಪಟ್ಟಿ ಸುತ್ತಿರುತ್ತದೆ, ಬಿಚ್ಚಿದ ತುದಿ ಮುಳ್ಳಿನಂತೆ. ಕೃಷ್ಣವೇಷಕ್ಕೆ ಜರಿ ಬೇಕೇ ಬೇಕೆನ್ನುವವರು ಅಸ್ತರಿ ಕೊಟ್ಟ ಮೇಲಂಗಿಗೆ ಹಾಕಿ, ಒಳಗೆ ಹತ್ತಿಯ ಅಂಗಿ ತೊಡಿಸಲಿ. ನವಿಲುಗರಿಯ ಕಣ್ಣನ್ನು ನೀಲಿ, ಹಸಿರು ಹತ್ತಿಯ ಎರಡು ಪ್ಯಾಚ್‌ಗಳಲ್ಲೇ ಚೆನ್ನಾಗಿ ತರಬಹುದು. ಮಣಿ, ಮಿಂಚುಬಿಲ್ಲೆ, ಕನ್ನಡಿ, ಅಂಟಿಸಿದ ಪ್ಲಾಸ್ಟಿಕ್ ಕಣ್ಣು ಮೂರು ವರ್ಷದ ಒಳಗಿನ ಮಕ್ಕಳ ಬಟ್ಟೆಗೆ ಬೇಡವೇ ಬೇಡ. ಕಿತ್ತದ್ದು ನೇರ ಬಾಯಿಗೆ, ಅಲ್ಲಿಂದ ಗಂಟಲಿಗೆ. ಮುದ್ದುಕೃಷ್ಣ ಸ್ಪರ್ಧೆ ಏರ್ಪಡಿಸುವವರು ಹಸುಳೆಗಳ ವಿಭಾಗದಲ್ಲಿ ಇಂಥ ಅಲಂಕಾರಕ್ಕೆ ಅಂಕ ಕೊಡುವುದನ್ನು ನಿಲ್ಲಿಸಿದರೆ ಹೊಲಿಯುವವರ ಮೇಲಿನ ಒತ್ತಾಯವೂ ಕಡಿಮೆಯಾದೀತು.

ಮಗುವಿನ ಕೈಗವಸು, ಕಾಲುಚೀಲದ ಮೇಲೆ ಕಸೂತಿ ಹಾಕುವವರಿಗೆ ಒಂದು ಎಚ್ಚರಿಕೆ. ಒಂದು ಬಣ್ಣದ ಜಾಗದಿಂದ ಇನ್ನೊಂದಕ್ಕೆ ಮೆಷಿನ್ ಹಾರಿದಾಗ ಒಳಗೆ ನೂಲು ಉಳಿಯುತ್ತದೆ. ಅದು ಮಗುವಿನ ಬೆರಳಿಗೆ ಸುತ್ತಿ ಬಿಗಿದರೆ ರಕ್ತ ಸಂಚಾರವೇ ನಿಲ್ಲಬಹುದು, ಅದರೊಳಗೆ ಬೆರಳು ಊದಿದ್ದು ಯಾರಿಗೂ ಕಾಣುವುದಿಲ್ಲ. ಒಂದೊಂದನ್ನೂ ಮಗುಚಿ ಕತ್ತರಿಸಲೇಬೇಕು. ಚಿತ್ರದ ಜಾಗವೂ ಮುಖ್ಯ: ನವಜಾತ ಮಗುವಿನ ಅಂಗಿಯಲ್ಲಿ ಚಿತ್ರದ ನಡುಬಿಂದು ಕುತ್ತಿಗೆಯಿಂದ 4-5 ಸೆಂ.ಮೀ. ಕೆಳಗಿರಲಿ, ಬೆನ್ನಿಗೆ ಏನೂ ಬೇಡ. ಮಗು ಹೊತ್ತೆಲ್ಲ ಮಲಗುವುದು ಅದರ ಮೇಲೆಯೇ.

ನಮ್ಮ ಮಳೆಗಾಲದ ಗೋಳು ಬೇರೆಯೇ. ಟರ್ಕಿ ಟವೆಲಿನ ಮೇಲೆ ಹೊಲಿಯುವಾಗ ಮೇಲೆ ಹಾಸುವ, ನೀರಿನಲ್ಲಿ ಕರಗುವ ಹಾಳೆ ಹವೆಯ ತೇವಕ್ಕೇ ಮೆದುವಾಗಿ ಒಂದಕ್ಕೊಂದು ಅಂಟುತ್ತದೆ. ಜಿಪ್ ಚೀಲದಲ್ಲಿ ಗಾಳಿಯಾಡದಂತೆ ಇಟ್ಟು, ಬೇಕಾದಷ್ಟೇ ಹೊರತೆಗೆಯಿರಿ. ಹೊಲಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಸಲವಾದರೂ ಜಾಲಾಡಿ. ಅರ್ಧ ಕರಗಿದ್ದು ಆರಿದ ಮೇಲೆ ಗಂಜಿ ಹಾಕಿದ ಹಾಗೆ ಸೆಟೆಯುತ್ತದೆ. ಪ್ಯಾಚ್ ಇರುವಲ್ಲಿ ಬಟ್ಟೆ ಮೂರು ಪದರ. ಜುಲೈಯಲ್ಲಿ ಅಂಗಿಯೆಲ್ಲ ಆರಿದರೂ ಅಲ್ಲಿ ಚಂಡಿ ಉಳಿದು ಬೂಸ್ಟು ಹಿಡಿಯುತ್ತದೆ. ಒಳಮೈ ಹೊರಗೆ ಮಾಡಿ ಫ್ಯಾನಿನಡಿ ಆರಿಸಿ, ಹಿಂಬದಿಗೆ ಇಸ್ತ್ರಿ ಹಾಕಿಯೇ ಮಡಚಬೇಕು.

ಕೊನೆಯ ಕೆಲಸವನ್ನೇ ಹೆಚ್ಚಿನವರು ಬಿಡುವುದು. ಕಸೂತಿಯ ಹಿಂಬದಿಗೆ ಇಸ್ತ್ರಿಗೆ ಅಂಟುವ ಮೆತ್ತನೆಯ ಟ್ರೈಕಾಟ್ (ತೆಳು ಹೆಣಿಗೆ ಬಟ್ಟೆ) ತುಂಡನ್ನು, ಚಿತ್ರಕ್ಕಿಂತ ಸುತ್ತ 1 ಸೆಂ.ಮೀ. ದೊಡ್ಡದಾಗಿ, ಮೂಲೆ ಉರುಟು ಮಾಡಿ ಅಂಟಿಸಬೇಕು. ಇಸ್ತ್ರಿಯನ್ನು ಉಜ್ಜಬಾರದು, ಎತ್ತಿ ಎತ್ತಿ ಒತ್ತಬೇಕು. ಒಗೆತಕ್ಕೆ ಅಂಚು ಎದ್ದರೆ ಮತ್ತೆ ಒತ್ತಿದರೆ ಕೂರುತ್ತದೆ. ಐದು ನಿಮಿಷದ ಈ ಕೆಲಸಕ್ಕೆ ಪ್ರತ್ಯೇಕ ಮಜೂರಿ ಕೇಳಲು ಟೈಲರುಗಳು ಸಂಕೋಚಪಡಬೇಕಿಲ್ಲ, ಕೊಡಲು ಗಿರಾಕಿಗಳೂ. ಅಂಗಡಿಯವರು ಮಾದರಿಗೆಂದು ತೂಗುಹಾಕುವ ಅಂಗಿಗಳಲ್ಲಿ ಒಂದನ್ನಾದರೂ ಒಳಮೈ ಹೊರಗೆ ಮಾಡಿ ತೂಗುಹಾಕಲಿ.

– ಹೊಲಿಗೆ, ಕಸೂತಿ ತರಬೇತುದಾರರು, ಉಡುಪಿ