ಭಾನುವಾರದ ಮಾತುಕತೆ: ಎಮ್ಮಿ ನೋಥರ್

ಎಲ್ಲರಿಗೂ ನಮಸ್ಕಾರ 🙏

ಈ ಭಾನುವಾರ ಬೆಳಿಗ್ಗೆ 10:30ಕ್ಕೆ ನಮ್ಮ ಗಣಿತ ಬಳಗದ ಆನ್‌ಲೈನ್ ಮಾತುಕತೆ ಇದೆ. ವಿಷಯ: ಜರ್ಮನಿಯ ಗಣಿತಜ್ಞೆ ಎಮ್ಮಿ ನೋಥರ್ (1882–1935) ಅವರ ಬದುಕು, ಕೆಲಸ. ಹೈಸ್ಕೂಲು, ಪಿಯು ಮೇಷ್ಟ್ರು-ಮೇಡಂಗಳು ದಯವಿಟ್ಟು ತಪ್ಪಿಸಬೇಡಿ.

1907ರಲ್ಲಿ ಡಾಕ್ಟರೇಟ್ ಆದ ಮೇಲೂ ಜರ್ಮನಿಯ ಎರ್ಲಾಂಗೆನ್ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿದವರು ಅವರು. 1915ರಲ್ಲಿ ಹೆಸರಾಂತ ಗಣಿತಜ್ಞರಾದ ಹಿಲ್ಬರ್ಟ್ ಮತ್ತು ಕ್ಲೈನ್ ತಮ್ಮ ಗಾಟಿಂಗೆನ್ ವಿಶ್ವವಿದ್ಯಾಲಯಕ್ಕೆ ಕರೆಸಿಕೊಂಡರೂ ಹೆಂಗಸೆಂಬ ಕಾರಣಕ್ಕೆ ಪಾಠ ಹೇಳುವ ಅಧಿಕಾರ ಸಿಗಲಿಲ್ಲ. 1916–17ರ ಚಳಿಗಾಲದ ಪ್ರಕಟಣೆ ನೋಡಿ: ಪ್ರೊ. ಹಿಲ್ಬರ್ಟ್ ಅವರ ಸೆಮಿನಾರ್, ಡಾ. ಇ. ನೋಥರ್ ನೆರವಿನೊಂದಿಗೆ, ಸೋಮವಾರ 4ರಿಂದ 6, ಶುಲ್ಕವಿಲ್ಲ. ಪಾಠ ನೋಥರ್ ಅವರದು, ಹೆಸರು ಹಿಲ್ಬರ್ಟ್ ಅವರದು! ಅಧಿಕಾರ ಸಿಕ್ಕಿದ್ದು 1919ರಲ್ಲಿ. ಸಮಮಿತಿಗೂ (ಜಾಗ, ಸಮಯದಂಥವು ಬದಲಾದರೂ ಭೌತ ನಿಯಮ ಬದಲಾಗದಿರುವುದು) ಸಂರಕ್ಷಣಾ ನಿಯಮಗಳಿಗೂ (ಒಟ್ಟು ಶಕ್ತಿಯಂಥವು ಬದಲಾಗುವುದಿಲ್ಲ ಎನ್ನುವ ನಿಯಮಗಳು) ಇರುವ ನಂಟನ್ನು ತೋರಿಸಿದ ಅವರ ಪ್ರಮೇಯ ಅದಕ್ಕೂ ಮೊದಲೇ, 1918ರಲ್ಲಿ ಪ್ರಕಟವಾಗಿತ್ತು. 1933ರಲ್ಲಿ ಯಹೂದಿ ಎಂದು ನಾಜಿ ಸರ್ಕಾರ ಕೆಲಸದಿಂದ ತೆಗೆದಾಗ ಅಮೆರಿಕದ ಬ್ರಿನ್ ಮಾರ್ ಕಾಲೇಜು ಸೇರಿದರು.

ನಮ್ಮ ಹೆಣ್ಣುಮಕ್ಕಳಿಗೆ ಈ ಹೆಸರು ಗೊತ್ತಿರಲೇಬೇಕು ಅಂತ ನನ್ನ ಅನಿಸಿಕೆ. ಆಸಕ್ತಿಯಿರುವ ವಿದ್ಯಾರ್ಥಿನಿಯರನ್ನೂ ಸೇರಿಸಿಕೊಳ್ಳಿ.

▪️ ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ‘ಬರುತ್ತೇನೆ’ ಎಂದು ಹಾಕಿ.
▪️ ಲಿಂಕ್ ಶನಿವಾರ ಸಂಜೆ ಕಳಿಸುತ್ತೇನೆ. ಸೇರಿದ ಕೂಡಲೇ ಮೈಕ್ ಮ್ಯೂಟ್ ಮಾಡಿ.
▪️ ನೋಥರ್ ಕೆಲಸ ಮಾಡಿದ ಬೀಜಗಣಿತದ ಪರಿಕಲ್ಪನೆಗಳಾದ ರಿಂಗ್, ಐಡಿಯಲ್ ಅಂದರೇನು ಎಂದು ಪೂರ್ಣಾಂಕಗಳ ಉದಾಹರಣೆಯಿಂದಲೇ 10 ನಿಮಿಷ ವಿವರಿಸಲು ಒಬ್ಬರು ಬೇಕು. ಆಗುವವರು ನನಗೆ ನೇರವಾಗಿ ಮೆಸೇಜ್ ಮಾಡಿ.

ಅಲ್ಲಿಯವರೆಗೆ ಗುಂಪಿನಲ್ಲಿ ಬೇರೆ ಫಾರ್ವರ್ಡ್‌ಗಳನ್ನು ಹಾಕದಿದ್ದರೆ ಉಪಕಾರ, ಉತ್ತರಗಳು ಕೆಳಗೆ ಹೋಗಿಬಿಡುತ್ತವೆ.