ಸೀಟು ಸಿಗಲಿ ಆಮೇಲೆ ನೋಡೋಣ ಅನ್ನಬೇಡ ಕಣೋ

ಗೆಳೆಯಾ,

ನಿನ್ನೆ ರಾತ್ರಿ ನೀನು ಕಳಿಸಿದ ಮೆಸೇಜನ್ನು ನಾಲ್ಕು ಸಲ ಓದಿದೆ. ಈಗ ಮನೋವೈದ್ಯರ ಹತ್ತಿರ ಹೋದರೆ ಎಲ್ಲೋ ದಾಖಲಾಗುತ್ತೆ, ನಾಳೆ ಮೆಡಿಕಲ್ ಸೀಟಿಗೆ ಅದೇ ಅಡ್ಡ ಬರುತ್ತೆ ಅಂತ ಬರೆದಿದ್ದೀಯ. ನಾನೂ ಇದೇ ಭಯಕ್ಕೆ ಎಂಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟರಲ್ಲಿ ನಿದ್ದೆ ಕೆಟ್ಟಿತು, ಒಂದೇ ಪುಟ ಹತ್ತು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ, ಒಂದು ದಿನ ಮಾಕ್ ಟೆಸ್ಟಿನಲ್ಲಿ ಎದೆ ಢವಢವ ಹೊಡೆದುಕೊಂಡು, ಕೈಯೆಲ್ಲ ಬೆವರಿ, ಅರ್ಧಕ್ಕೇ ಎದ್ದು ಬಂದೆ. ಯಾವ ಸೀಟಿಗಾಗಿ ಚಿಕಿತ್ಸೆ ಮುಂದೆ ಹಾಕಿದ್ದೆನೋ ಅದೇ ಕೈ ಜಾರುತ್ತಿತ್ತು.

ಕೊನೆಗೆ ಹೋದಾಗ ಡಾಕ್ಟರನ್ನು ಮೊದಲು ಕೇಳಿದ್ದೇ, ನನ್ನ ಫೈಲನ್ನು ಯಾರು ನೋಡುತ್ತಾರೆ ಅಂತ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಜೀವಕ್ಕೆ ಅಪಾಯ ಇದ್ದರೆ, ಇಲ್ಲ ಕೋರ್ಟು ಕೇಳಿದರೆ ಬೇರೆ ಮಾತು, ಉಳಿದಂತೆ ನಿನ್ನ ಒಪ್ಪಿಗೆ ಇಲ್ಲದೆ ಕಾಲೇಜಿಗೆ ಏನೂ ಹೇಳುವುದಿಲ್ಲ ಅಂದರು. ನೀನೂ ಮೊದಲ ದಿನವೇ ಕೇಳಿಬಿಡು. ಅರ್ಜಿಯಲ್ಲಿ ಆರೋಗ್ಯದ ಪ್ರಶ್ನೆ ಇದ್ದರೆ ಪದ ಪದ ಬಿಡಿಸಿ ಓದು. ಓದಿಗೆ ಅಡ್ಡಿಯಾಗುವ ತೊಂದರೆ ಈಗ ಇದೆಯಾ ಅಂತ ಕೇಳುವುದು ಬೇರೆ, ಎಂದಾದರೂ ಚಿಕಿತ್ಸೆ ಪಡೆದಿದ್ದೀರಾ ಅಂತ ಕೇಳುವುದು ಬೇರೆ. ಸುಳ್ಳು ಬರೆಯಬೇಡ. ಕೇಳದೇ ಇರುವುದನ್ನು ಹೇಳಿಕೊಳ್ಳುವ ಅಗತ್ಯವೂ ಇಲ್ಲ.

ನೀನು ಸೇರಬೇಕು ಅಂತಿರುವ ಕ್ಲಾಸಿನಲ್ಲಿ ನಮ್ಮ ಹಾಗೆ ಒದ್ದಾಡುವವರು ಎಷ್ಟು ಜನ ಗೊತ್ತಾ? 43 ದೇಶಗಳ ವೈದ್ಯಕೀಯ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟು ಮಾಡಿ 2016ರಲ್ಲಿ ಜಾಮಾ ಅನ್ನುವ ಅಮೆರಿಕದ ವೈದ್ಯಕೀಯ ಪತ್ರಿಕೆ ಒಂದು ವರದಿ ಹಾಕಿತ್ತು. ಸುಮಾರು ಶೇ 27 ಜನರಲ್ಲಿ ಖಿನ್ನತೆ ಅಥವಾ ಅದರ ಲಕ್ಷಣಗಳಿದ್ದವು. ಅವರಲ್ಲಿ ಚಿಕಿತ್ಸೆಗೆ ಹೋದವರು ಶೇ 16ರಷ್ಟು ಮಾತ್ರ! ಅದನ್ನು ಓದಿ ಕರುಳು ಚುರ್ ಅಂದಿತು.

ಇನ್ನೊಂದು, ಪರೀಕ್ಷೆಗೆ ಮೂರು ತಿಂಗಳಿದೆ ಅಲ್ವಾ? ಖಿನ್ನತೆಯ ಮಾತ್ರೆ ಕೊಟ್ಟರೂ ಅದು ಕೆಲಸ ಮಾಡಲು ಎರಡರಿಂದ ಆರು ವಾರ ಬೇಕು. ನನಗೆ ಮೊದಲ ವಾರ ಬರೀ ವಾಕರಿಕೆ, ಬಿಟ್ಟುಬಿಡೋಣ ಅನಿಸಿತ್ತು. ಹಾಗೆ ತಟ್ಟನೆ ನಿಲ್ಲಿಸಬಾರದು, ಡಾಕ್ಟರಿಗೆ ಹೇಳಬೇಕು. ಮಾತ್ರೆ ಬೇಡದೇ ಇರಬಹುದು, ಮಾತಿನ ಚಿಕಿತ್ಸೆಯೇ ಸಾಕಾಗಬಹುದು. ಅದಕ್ಕೂ ವಾರಗಳು ಬೇಕು. ಅದಕ್ಕೇ ಈಗಲೇ ಹೋಗು ಅನ್ನುತ್ತಿದ್ದೇನೆ.

ಈ ವಾರ ಯಾವತ್ತು ಬಿಡುವಿದೆ ಹೇಳು, ಜೊತೆಗೆ ಬರುತ್ತೇನೆ. ಒಳಗೆ ನೀನೊಬ್ಬನೇ ಹೋಗು, ನಾನು ಹೊರಗೆ ಕೂತಿರುತ್ತೇನೆ. ಅದಕ್ಕೆ ಮುಂಚೆ ಸಾಯುವ ಯೋಚನೆ ಏನಾದರೂ ಬಂದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡ, ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡು. ಆಗಲೇ ಆಸ್ಪತ್ರೆಗೆ ಹೋಗೋಣ.

ನಿನ್ನ ಗೆಳೆಯ