ನಿನ್ನ ಕಾಗದದ ಕೊನೆಯ ಸಾಲು

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂತು. ಮಳೆ, ಮೆಣಸು, ಇಲ್ಲಿನ ಸುದ್ದಿ ಎಲ್ಲ ಇನ್ನೊಂದು ಸಲ ಬರೆಯುತ್ತೇನೆ. ಕೊನೆಯಲ್ಲಿ ಬರೆದಿದ್ದೀಯಲ್ಲ, ಪಕ್ಕದ ಮನೆಯಾಕೆ ಬಂದು ನಿಮ್ಮ ನಾಯಿ ರಾಕಿ ನನ್ನ ಮಗಳನ್ನು ನೋಡಿ ಗುರ್ ಅಂದ ಅಂದಳು, ನೀನು ಅವಳ ಮೇಲೆ ರೇಗಿದೆ, ಅವತ್ತಿನಿಂದ ನಿದ್ದೆ ಬರುತ್ತಿಲ್ಲ ಅಂತ. "ನಮ್ಮ ರಾಕಿ ಹಾಗೆ ಮಾಡೋದೇ ಇಲ್ಲ ದೊಡ್ಡಮ್ಮ, ಆದ್ರೆ ಮಾಡಿದ್ರೆ?" ಆ 'ಮಾಡಿದ್ರೆ' ಓದಿದ ಮೇಲೆ ನನಗೂ ನಿದ್ದೆ ಇಲ್ಲ.

ರಾಕಿ ನಿನಗೆ ಏನು ಅನ್ನೋದು ನಮಗೆಲ್ಲ ಗೊತ್ತು. ಅದನ್ನು ಮತ್ತೆ ಹೇಳುವುದು ಬೇಡ.

ನಮ್ಮ ತೋಟದಲ್ಲಿ ಕರಿಯ ಅಂತ ನಾಯಿ ಇತ್ತಲ್ಲ, ಅವನು ಚಿರತೆಯನ್ನು ಬೊಗಳಿ ಓಡಿಸಿದ ಕತೆಯನ್ನು ನಿನ್ನ ದೊಡ್ಡಪ್ಪ ಮೂಡಿಗೆರೆಗೆಲ್ಲ ಹೇಳಿದ್ದಾರೆ. ಈ ಕತೆಯನ್ನು ಅವರೂ ಹೇಳಿಲ್ಲ, ನಾನೂ ಹೇಳಿಲ್ಲ. 1987ರ ಕುಯ್ಲು. ತೋಟದ ಕೂಲಿಯವರ ಲೈನ್ ಮನೆಯ ಒಬ್ಬಾಕೆ ಕೆಲಸಕ್ಕೆ ಬರುವಾಗ ಆರು ವರ್ಷದ ಮಗನನ್ನೂ ಕರೆದುಕೊಂಡು ಬಂದು ಕಣದ ಹತ್ತಿರ ಬಿಡುತ್ತಿದ್ದಳು. ಎರಡು ಸಲ ಬಂದು ಹೇಳಿದಳು, "ಅಮ್ಮಾವ್ರೇ, ನಾಯಿ ಕಟ್ಟಾಕಿ, ಹುಡುಗನ್ನ ಕಂಡ್ರೆ ಮೈ ಬಿಗಿ ಮಾಡ್ಕತದೆ." ನಾನು ಕರಿಯನ ಕಡೆ ನೋಡಿದೆ. ಅವನು ಬಾಲ ಅಲ್ಲಾಡಿಸಿದ. ನೋಡು, ಪಾಪದವನು, ಸುಮ್ನೆ ಹೆದರಬೇಡ ಅಂದೆ.

ಅವನು ಬಾಲ ಅಲ್ಲಾಡಿಸಿದ್ದು ನನ್ನನ್ನು ನೋಡಿ, ಪುಟ್ಟಿ. ಹುಡುಗನನ್ನು ನೋಡಿ ಅಲ್ಲ. ಇಷ್ಟು ಅರ್ಥವಾಗಲು ನನಗೆ ಎಷ್ಟೋ ವರ್ಷ ಬೇಕಾಯಿತು. ನಾವು ಎದುರಿಗಿದ್ದಾಗ ಅವು ಬೇರೆಯದೇ ನಾಯಿ. ನಾವು ನೋಡುವುದು ಆ ನಾಯಿಯನ್ನು ಮಾತ್ರ. ನಾವಿಲ್ಲದಾಗ ಗೇಟಿನ ಹತ್ತಿರ ನಿಂತ ನಾಯಿಯನ್ನು ನೋಡುವವರು ಬೇರೆಯವರು. ಇನ್ನೊಂದು, ಬಾಲ ಅಲ್ಲಾಡಿದ್ದೆಲ್ಲ ಖುಷಿಯೂ ಅಲ್ಲ. ಬಾಲ ಮೇಲೆತ್ತಿ, ಮೈ ಸೆಟೆದು, ಅಲ್ಲಾಡಿಸುತ್ತಲೇ ಕಚ್ಚುವ ನಾಯಿಗಳಿವೆ.

ಕಚ್ಚಿದ. ಹುಡುಗ ಅವನ ಅನ್ನದ ತಟ್ಟೆಯ ಪಕ್ಕ ಹಾದು ಹೋಗಿದ್ದ, ಅಷ್ಟೇ. ನನ್ನ ಬಾಯಿಂದ ಬಂದ ಮೊದಲ ಮಾತು, "ಏನೋ ಕೆಣಕಿರ್ಬೇಕು." ರಕ್ತ ಸುರಿಯುತ್ತಿದ್ದ ಕೈ ನೋಡಿಕೊಂಡೇ ಹಾಗಂದೆ. ಆಗೆಲ್ಲ ಹೊಟ್ಟೆಗೆ, ಹೊಕ್ಕುಳ ಸುತ್ತ, 14 ಇಂಜೆಕ್ಷನ್. ಕುಯ್ಲಿನ ಕೂಲಿ ಬಿಟ್ಟು ದಿನಾ ಬಸ್ಸಲ್ಲಿ ಮಗನನ್ನು ಕರೆದುಕೊಂಡು ಹೋದಳು. ಬಸ್ ಚಾರ್ಜು ಕೊಟ್ಟೆ. ತಪ್ಪಾಯ್ತು ಅಂತ ಹೇಳಲಿಲ್ಲ. ಮುಂದಿನ ವರ್ಷ ಅವರು ನಮ್ಮ ತೋಟಕ್ಕೆ ಬರಲಿಲ್ಲ.

ಅವತ್ತು ಸಂಜೆ ಕರಿಯ ಕಿವಿ ಹಿಂದಕ್ಕೆ ಮಾಡಿ, ಬಾಲ ಮಡಚಿ, ನನ್ನ ಕಾಲ ಹತ್ತಿರ ತೆವಳಿಕೊಂಡು ಬಂದ. ಪಾಪ, ತಪ್ಪು ಗೊತ್ತಾಗಿದೆ ಅಂತ ನಾನೇ ಅತ್ತೆ. ಎಷ್ಟೋ ಕಾಲದ ಮೇಲೆ ಓದಿದೆ, ಅಮೆರಿಕದಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವವರು ಇದನ್ನೇ ಪರೀಕ್ಷೆ ಮಾಡಿ 2009ರಲ್ಲಿ ಬರೆದಿದ್ದಾರಂತೆ. ತಿನ್ನಬೇಡ ಅಂದ ತಿಂಡಿ ತಿಂದ ನಾಯಿಗೂ ತಿನ್ನದ ನಾಯಿಗೂ ಆ 'ತಪ್ಪಾಯ್ತು' ಮುಖದಲ್ಲಿ ವ್ಯತ್ಯಾಸ ಇರಲಿಲ್ಲ. ಯಜಮಾನರು ಬೈದಾಗ ಆ ಮುಖ ಜಾಸ್ತಿ ಬರುತ್ತಿತ್ತು. ಕರಿಯ ನನ್ನ ಸಿಟ್ಟು ನೋಡಿ ಮುದುರಿದ್ದ. ಆ ಪಶ್ಚಾತ್ತಾಪವೆಲ್ಲ ನಾನೇ ಅವನ ಮುಖಕ್ಕೆ ಹಚ್ಚಿದ್ದು.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ನಾಯಿ ವಿಷಯಕ್ಕೆ ಅದರ ಜೊತೆ ಮಾನವೂ ಸೇರಿಕೊಳ್ಳುತ್ತದೆ. ನಿಮ್ಮ ನಾಯಿ ಸರಿಯಿಲ್ಲ ಅಂದರೆ ನೀನು ಸಾಕಿದ್ದು ಸರಿಯಿಲ್ಲ ಅಂದ ಹಾಗೆ ಕೇಳಿಸುತ್ತದೆ. ನೀನು ರೇಗಿದ್ದೂ ಅದಕ್ಕೇ ಅಲ್ವಾ? ನಾನೂ ಅದಕ್ಕೇ ಆಕೆಯ ಮಾತು ತಳ್ಳಿಹಾಕಿದ್ದು. ದಿನಾ ನೋಡುವುದರಿಂದ ಕಣ್ಣಿಗೆ ಅಭ್ಯಾಸವೂ ಆಗಿಬಿಡುತ್ತದೆ. ದೀಪಾವಳಿಗೆ ಬಂದಾಗ ರಾಕಿ ದಪ್ಪ ಆಗಿದ್ದಾನೆ ಅಂದೆ, ನೀನು ಕೂದಲು ಅಂದೆ. ಪಕ್ಕೆ ಮೇಲೆ ಕೈ ಆಡಿಸಿದರೆ ಎಲುಬು ಸಿಗಬೇಕಮ್ಮ. ಇರಲಿ, ಅದು ಈಗ ಮುಖ್ಯ ಅಲ್ಲ.

ಏನು ಮಾಡು ಅಂತ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ಆದರೂ ಗುರ್ ಅಂದಿದ್ದಕ್ಕೆ ಅವನಿಗೆ ಹೊಡೆಯಬೇಡ, ಬೈಯಲೂ ಬೇಡ. ಅದು ಅವನು ಕೊಡುವ ಎಚ್ಚರಿಕೆ. ಅದನ್ನು ಅಡಗಿಸಿದರೆ ಮುಂದಿನ ಸಲ ಸದ್ದಿಲ್ಲದೆ ಬಾಯಿ ಹಾಕಿಯಾನು. ಎಲ್ಲೋ ನೋವಿದ್ದರೂ ಹಾಗೆ ಮಾಡುತ್ತವೆ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣುಗು ಇದೆಯಾ ನೋಡು. ಹಾಸನದಲ್ಲೇ ಪಶುವೈದ್ಯ ಕಾಲೇಜಿದೆ, ಅಲ್ಲಿಗೆ ಕರೆದುಕೊಂಡು ಹೋಗು. ಹೋದಾಗ ನಮ್ಮವನು ತುಂಬಾ ಸಾಧು ಅಂತ ಶುರು ಮಾಡಬೇಡ, ಪಕ್ಕದ ಮನೆಯಾಕೆ ಹೇಳಿದ್ದನ್ನು ಮೊದಲು ಹೇಳು. ಅಲ್ಲಿಯವರೆಗೂ ಮಕ್ಕಳು ಓಡಾಡುವ ಹೊತ್ತಲ್ಲಿ ಕಟ್ಟಿರು, ಊಟ ಒಳಗೇ ಹಾಕು. ದೇವರು ದೊಡ್ಡವನು, ಆದರೂ ಹಲ್ಲು ತಾಗಿದರೆ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ರಾಕಿಗೆ ಲಸಿಕೆ ಆಗಿದೆ ಅಂತ ಸುಮ್ಮನಿರಬಾರದು. ಈಗ ಹೊಟ್ಟೆಗೆ ಚುಚ್ಚುವುದಿಲ್ಲ, ತೋಳಿಗೇ ಕೊಡುತ್ತಾರೆ.

ಕರಿಯನನ್ನು ಆಮೇಲೆ ಸಾಯುವವರೆಗೂ ಸರಪಳಿಯಲ್ಲೇ ಇಟ್ಟೆವು. ಐದು ವರ್ಷ. ಆಕೆಯ ಮಾತು ಕೇಳಿದ್ದರೆ ಊಟದ ಹೊತ್ತಲ್ಲಿ ಅರ್ಧ ಗಂಟೆ ಕಟ್ಟಿದ್ದರೆ ಸಾಕಿತ್ತು. ಆ ಹುಡುಗನ ಕೈ ನೆನಪಾದಾಗಲೆಲ್ಲ ಕಣದ ಮೂಲೆಯ ಆ ಸರಪಳಿಯೂ ನೆನಪಾಗುತ್ತದೆ.

ನೀನು ರಾಕಿಯನ್ನು ಕೊಟ್ಟುಬಿಡು ಅಂತ ನಾನು ಹೇಳುತ್ತಿಲ್ಲ, ಖಂಡಿತ ಇಲ್ಲ. ಆ ಪಕ್ಕದ ಮನೆಯಾಕೆ ಹತ್ತಿರ ಹೋಗು. ಅವನು ಎಲ್ಲಿ ನಿಂತಿದ್ದ, ಮಗು ಎಲ್ಲಿತ್ತು, ಅವನ ಮೈ ಹೇಗಿತ್ತು, ಎಲ್ಲ ಕೇಳು. ನಡುವೆ ಬಾಯಿ ಹಾಕಬೇಡ. ಆಮೇಲೆ ನನಗೆ ಫೋನ್ ಮಾಡಿ ಅವಳು ಹೇಳಿದ್ದನ್ನು ಅವಳ ಮಾತಲ್ಲೇ ಹೇಳು. ರಾತ್ರಿ ಎಷ್ಟು ಹೊತ್ತಾದರೂ ಮಾಡು, ನಾನು ಎದ್ದೇ ಇರುತ್ತೇನೆ.

ನಿನ್ನ ದೊಡ್ಡಮ್ಮ